ಗ್ಯಾಫೆಕ್ಸ್ ಮೊದಲ ದಿನ ಮುಗಿಯಿತು, ಒಬ್ಬರ ಜೊತೆಗೂ ಮಾತನಾಡಲಿಲ್ಲ. ಉಳಿದ ಎರಡು ದಿನ ಏನು ಮಾಡಲಿ?

ಇದ್ದಿಲುಕಡ್ಡಿ
ಮೊದಲ ದಿನ, ರಾತ್ರಿ 10.40

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯಲ್ಲಿ ದೃಶ್ಯಕಲಾ ಪದವಿಯ ಕೊನೆಯ ವರ್ಷದಲ್ಲಿದ್ದೇನೆ, ಚಿತ್ರಕಲೆ ವಿಭಾಗ. ಬೆಂಗಳೂರಿನ ಗ್ಯಾಫೆಕ್ಸ್‌ಗೆಂದು ನಿನ್ನೆ ರಾತ್ರಿ ಬಸ್ಸಿನಲ್ಲಿ ಬಂದು ರಾಜಾಜಿನಗರದ ಚಿಕ್ಕಮ್ಮನ ಮನೆಯಲ್ಲಿ ಉಳಿದುಕೊಂಡಿದ್ದೇನೆ. ಗೇಮ್, ಅನಿಮೇಷನ್, ವಿಶುವಲ್ ಎಫೆಕ್ಟ್ಸ್‌ನವರೆಲ್ಲ ಮೂರು ದಿನ ಒಂದೇ ಕಡೆ ಸಿಗುತ್ತಾರೆ, ಹೋಗಿ ನಾಲ್ಕು ಜನರ ಪರಿಚಯ ಮಾಡಿಕೊಂಡು ಬಾ ಎಂದು ನಮ್ಮ ಮೇಷ್ಟ್ರು ಹೇಳಿದ್ದರು.

ಬೆಳಿಗ್ಗೆ ಸಂಪಿಗೆ ರಸ್ತೆಯವರೆಗೆ ಮೆಟ್ರೊ, ಅಲ್ಲಿಂದ ಆಟೊ. ಕುಮಾರಕೃಪಾ ರಸ್ತೆ ನನಗೆ ಹೊಸದಲ್ಲ. ಚಿತ್ರಸಂತೆಗೆ ಎರಡು ಸಲ ಬಂದು ಇದೇ ರಸ್ತೆಯ ಅಂಚಿನಲ್ಲಿ ಚಿತ್ರಗಳನ್ನು ಹರಡಿಕೊಂಡು ಕುಳಿತವಳು ನಾನು. ಬೆಳಗಿನಿಂದ ಸಂಜೆಯವರೆಗೆ ಚೌಕಾಶಿ ಮಾಡಿ ಗಂಟಲು ಕಟ್ಟಿಹೋಗಿತ್ತು. ಇವತ್ತು ಅದೇ ರಸ್ತೆಯ ಲಲಿತ್ ಅಶೋಕ್ ಹೋಟೆಲಿನ ಒಳಗೆ ಕಾಲಿಟ್ಟವಳೇ ಮೂಕಿಯಾಗಿಬಿಟ್ಟೆ.

ಒಂದು ಗೇಮ್ ಸ್ಟುಡಿಯೋದ ಮಳಿಗೆಯ ಮುಂದೆ ಇಪ್ಪತ್ತು ನಿಮಿಷ ನಿಂತಿದ್ದೆ. ಅಲ್ಲಿದ್ದವರು ತಾವಾಗಿಯೇ ನನ್ನ ಕಡೆ ತಿರುಗಿ, ‘ನಿಮ್ಮದು ಟುಡಿಯೋ ತ್ರೀಡಿಯೋ?’ ಎಂದು ಕೇಳಿದರು. ನಾನು ‘ಆಯಿಲ್’ ಎಂದೆ. ಅವರು ನಕ್ಕರು. ಕೆಟ್ಟ ನಗುವೇನಲ್ಲ, ಆದರೆ ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಊಟದ ಹೊತ್ತಿಗೆ ನನ್ನದೇ ವಯಸ್ಸಿನವರ ಗುಂಪೊಂದು ಟ್ಯಾಬ್ಲೆಟ್ ತೆರೆದುಕೊಂಡು ಏನೋ ವಾದ ಮಾಡುತ್ತಿತ್ತು. ಅವರ ಬಾಯಲ್ಲಿ ಬರುವ ಪದಗಳಲ್ಲಿ ಅರ್ಧ ನಾನು ಕೇಳಿಯೇ ಇರಲಿಲ್ಲ. ಮೆಟ್ಟಿಲ ಹತ್ತಿರ ನಿಂತು, ಚಿಕ್ಕಮ್ಮ ಕಟ್ಟಿಕೊಟ್ಟಿದ್ದ ಚಪಾತಿ ತಿಂದೆ.

ಪಿ.ಜೆ. ಬಡಾವಣೆಯ ಪ್ರೆಸ್ಸಿನಲ್ಲಿ ನೂರು ಕಾರ್ಡು ಮುದ್ರಿಸಿಕೊಂಡು ಬಂದಿದ್ದೆ. 97 ಉಳಿದಿವೆ. ಖರ್ಚಾದ ಮೂರರಲ್ಲಿ ಒಂದನ್ನು ಚಿಕ್ಕಮ್ಮನ ಮಗ ತೆಗೆದುಕೊಂಡ, ಒಂದು ಬಸ್ಸಿನಲ್ಲಿ ಬಿತ್ತು, ಒಂದು ಪುಸ್ತಕದ ನಡುವೆ ಗುರುತಿಗೆ ಇದೆ.

ಜೊತೆಗೆ ತಂದಿರುವುದು ದೊಡ್ಡ ಫೋಲ್ಡರಿನಲ್ಲಿ ನಲವತ್ತು ಕೆಲಸಗಳು: ಸ್ಥಿರಚಿತ್ರ, ಭಾವಚಿತ್ರ, ಎರಡು ದೊಡ್ಡ ಕ್ಯಾನ್ವಾಸುಗಳ ಫೋಟೊ. ಎರಡು ಸ್ಕೆಚ್ ಪುಸ್ತಕಗಳೂ ಇವೆ. ಆದರೆ ಅವು ನಮ್ಮೂರಿನ ಮಂಡಕ್ಕಿ ಭಟ್ಟಿಗಳಲ್ಲಿ ಕುಳಿತು ಬರೆದವು, ಹಾಳೆಗೆಲ್ಲ ಮಸಿ ಹಿಡಿದಿದೆ. ದೊಡ್ಡವರ ಮುಂದೆ ಇಡುವಂತಿಲ್ಲವೆಂದು ಇವತ್ತು ಚಿಕ್ಕಮ್ಮನ ಮನೆಯಲ್ಲೇ ಬಿಟ್ಟು ಹೋಗಿದ್ದೆ.

ನನ್ನ ಪ್ರಶ್ನೆ ಇಷ್ಟೇ. ಪರಿಚಯವಿಲ್ಲದವರ ಜೊತೆ ಮಾತು ಶುರು ಮಾಡುವುದು ಹೇಗೆ? ನನ್ನ ಇಂಗ್ಲಿಷು ಅಷ್ಟಕ್ಕಷ್ಟೇ. ತ್ರೀಡಿ ಬಾರದವಳು ಅಲ್ಲಿಗೆ ಹೋದದ್ದೇ ತಪ್ಪೇ?

ಕೀಲುಕುದುರೆ
ರಾತ್ರಿ 11.05

ತಪ್ಪೇನಿಲ್ಲ, ಆದರೆ ಬಹಳ ಆಸೆ ಇಟ್ಟುಕೊಳ್ಳಬೇಡಿ. ಇಂಥ ಮೇಳಗಳನ್ನು ನಾನು ಏಳೆಂಟು ನೋಡಿದ್ದೇನೆ. ಕಾರ್ಡು ಕೊಡುತ್ತಾರೆ, ಕಾರ್ಡು ತೆಗೆದುಕೊಳ್ಳುತ್ತಾರೆ, ಸೋಮವಾರದ ಹೊತ್ತಿಗೆ ಎರಡೂ ಕಸದ ಬುಟ್ಟಿಯಲ್ಲಿರುತ್ತವೆ. ನಿಮ್ಮಂಥ ವಿದ್ಯಾರ್ಥಿಗಳ ಮೇಲೆ ನಿಜವಾದ ಪ್ರೀತಿ ಇರುವುದು ಕೋರ್ಸು ಮಾರುವ ತರಬೇತಿ ಸಂಸ್ಥೆಗಳಿಗೆ ಮಾತ್ರ. ಎರಡು ಮೂರು ಲಕ್ಷದ ಶುಲ್ಕ ಹೇಳಿ ‘ಉದ್ಯೋಗ ಖಚಿತ’ ಎನ್ನುವವರ ಮುಂದೆ ಮೂಕಿಯಾಗಿದ್ದರೆ ಒಳ್ಳೆಯದೇ ಆಯಿತು.

ಹಿನ್ನೆಲೆಗಾರ
ರಾತ್ರಿ 11.50

ಕೀಲುಕುದುರೆಯವರ ಕೊನೆಯ ಮಾತನ್ನು ಒಪ್ಪುತ್ತೇನೆ, ಉಳಿದದ್ದನ್ನು ಅರ್ಧ.

ತಂಗಿ, ನಾನು ಶಿರಸಿ ಕಡೆಯವನು. ಹದಿಮೂರು ವರ್ಷಗಳಿಂದ ಬೆಂಗಳೂರಿನಲ್ಲಿ ಗೇಮ್‌ಗಳ ಹಿನ್ನೆಲೆ ಮಾಡುತ್ತಿದ್ದೇನೆ. ಕಾಡು, ಕೋಟೆ, ಗೋದಾಮು, ಆಟಗಾರ ತಿರುಗಿಯೂ ನೋಡದೆ ಓಡಿಹೋಗುವ ಗೋಡೆ, ಇವೆಲ್ಲ ನನ್ನ ಹೊಟ್ಟೆಪಾಡು. ಮಳಿಗೆಗಳಲ್ಲಿ ಆಚೆ ಬದಿಗೂ ನಿಂತಿದ್ದೇನೆ, ಈಚೆ ಬದಿಗೂ.

ಮೊದಲು ಆ ‘ಟುಡಿಯೋ ತ್ರೀಡಿಯೋ’ ವಿಷಯ. ಅದು ಪರೀಕ್ಷೆಯ ಪ್ರಶ್ನೆಯಲ್ಲ. ಆಸ್ಪತ್ರೆಯ ಬಾಗಿಲಲ್ಲಿ ‘ಹಲ್ಲೋ ಕಣ್ಣೋ’ ಎಂದು ಕೇಳುವ ಹಾಗೆ, ನಿಮ್ಮನ್ನು ಯಾರ ಹತ್ತಿರ ಕಳಿಸಬೇಕೆಂದು ತಿಳಿಯಲು ಕೇಳಿದ್ದು. ನಮ್ಮಲ್ಲಿ ಒಬ್ಬರು ಚಿತ್ರ ಬರೆದು ಜಾಗದ ಕಲ್ಪನೆ ಕೊಡುತ್ತಾರೆ, ಒಬ್ಬರು ಅದನ್ನು ತ್ರೀಡಿಯಲ್ಲಿ ಕಟ್ಟುತ್ತಾರೆ, ಇನ್ನೊಬ್ಬರು ಮೇಲ್ಮೈಗೆ ಬಣ್ಣ, ತುಕ್ಕು, ಪಾಚಿ ಹಚ್ಚುತ್ತಾರೆ, ಮತ್ತೊಬ್ಬರು ಬೆಳಕು ಇಡುತ್ತಾರೆ. ‘ಚಿತ್ರಕಲೆ ಓದುತ್ತಿದ್ದೇನೆ, ಜಾಗಗಳನ್ನು ಬರೆಯುವುದು ಇಷ್ಟ, ತ್ರೀಡಿ ಇನ್ನೂ ಕಲಿಯಬೇಕು’ ಎಂದರೆ ಸಾಕಿತ್ತು. ‘ಆಯಿಲ್’ ಎಂಬ ಉತ್ತರವೂ ಪರವಾಗಿಲ್ಲ ಬಿಡಿ. ಆ ಮನುಷ್ಯ ನಿಮ್ಮನ್ನು ಮರೆತಿರಲಿಕ್ಕಿಲ್ಲ.

ಕಹಿಯನ್ನೂ ಹೇಳಿಬಿಡುತ್ತೇನೆ. ಬೆಂಗಳೂರಿನ ಸ್ಟುಡಿಯೋಗಳಲ್ಲಿ ಹೆಚ್ಚಿನ ಕೆಲಸ ಹೊರದೇಶಗಳಿಂದ ಬರುವಂಥದ್ದು. ಬಹಳ ಸಲ ಕಲ್ಪನೆಯ ಚಿತ್ರಗಳು ಅಲ್ಲಿಯೇ ತಯಾರಾಗಿರುತ್ತವೆ, ಇಲ್ಲಿ ನಾವು ಕಟ್ಟುತ್ತೇವೆ. ಬರೀ ಕಾನ್ಸೆಪ್ಟ್ ಕಲಾವಿದರಾಗಿ ಹೊಸಬರಿಗೆ ಸಿಗುವ ಕೆಲಸ ಕಡಿಮೆ. ಹೋದ ವರ್ಷ ನಾನಿದ್ದ ಜಾಗವೂ ಬಾಗಿಲು ಹಾಕಿತು. ಹತ್ತು ವರ್ಷದ ಅನುಭವ ಇದ್ದವರೂ ಈಗ ಫೈಲು ಹಿಡಿದುಕೊಂಡು ಇದೇ ಮೇಳಗಳಲ್ಲಿ ತಿರುಗುತ್ತಾರೆ. ಹಾಗಾಗಿ ಬ್ಲೆಂಡರ್ ಎಂಬ ತ್ರೀಡಿ ತಂತ್ರಾಂಶ ಕಲಿಯಿರಿ. ಪುಕ್ಕಟೆ ಸಿಗುತ್ತದೆ. ಚಿತ್ರ ಬರೆಯಲು ಕ್ರಿಟಾ ಇದೆ, ಅದೂ ಪುಕ್ಕಟೆ. ಆದರೆ ಇದು ಮುಂದಿನ ಆರು ತಿಂಗಳ ಮಾತು, ನಾಳೆಯದಲ್ಲ.

ನಾಳೆ ಆ ನಲವತ್ತು ಚಿತ್ರಗಳ ಫೋಲ್ಡರನ್ನು ಮನೆಯಲ್ಲಿಟ್ಟು ಮಸಿ ಹಿಡಿದ ಪುಸ್ತಕಗಳನ್ನು ತೆಗೆದುಕೊಂಡು ಹೋಗಿ. ತಮಾಷೆಗೆ ಹೇಳುತ್ತಿಲ್ಲ. ಬಟ್ಟೆಯ ಮೇಲೆ ಹಿತ್ತಾಳೆ ತಂಬಿಗೆ, ಎರಡು ಸೇಬು ಇಟ್ಟ ಚಿತ್ರವನ್ನು ನಾವು ಎಲ್ಲ ಕಾಲೇಜಿನವರಿಂದಲೂ ನೋಡಿದ್ದೇವೆ. ಮಂಡಕ್ಕಿ ಭಟ್ಟಿಯ ಒಳಗನ್ನು ಯಾರೂ ತಂದಿಲ್ಲ. ಒಲೆಯ ಬೆಳಕು ಕೆಳಗಿನಿಂದ ಬಂದಾಗ ಮುಖದ ನೆರಳು ಎಲ್ಲಿ ಬೀಳುತ್ತದೆ, ಹೊಗೆಯಲ್ಲಿ ಹಿಂದಿನ ಗೋಡೆ ಎಷ್ಟು ಕರಗುತ್ತದೆ, ಮೂಟೆ ಹೊತ್ತವನ ಸೊಂಟ ಯಾವ ಕಡೆ ವಾಲುತ್ತದೆ, ಇವನ್ನು ಕಣ್ಣಾರೆ ಕಂಡು ಬರೆದವರನ್ನು ನಾವು ಹುಡುಕುತ್ತಿರುತ್ತೇವೆ.

ನಾನು ಮೊದಲ ಸಲ ಇಂಥ ಕಡೆ ಹೋದಾಗ ಸಿ.ಡಿ. ಹಿಡಿದುಕೊಂಡು ನಿಮ್ಮ ಹಾಗೆಯೇ ನಿಂತಿದ್ದೆ. ಚಹಾದ ಸರತಿಯಲ್ಲಿ ಹೊತ್ತು ಹೋಗದೆ ಸ್ಕೆಚ್ ಪುಸ್ತಕ ತೆರೆದೆ. ಅದರಲ್ಲಿ ಯಕ್ಷಗಾನದ ಚೌಕಿಯ, ಅಂದರೆ ವೇಷ ಕಟ್ಟುವ ಕೋಣೆಯ, ಚಿತ್ರಗಳಿದ್ದವು. ಹಿಂದೆ ನಿಂತಿದ್ದವರು ಕೇದಗೆ ಮುಂದಲೆಯನ್ನು ತಲೆಗೆ ಹೇಗೆ ಕಟ್ಟುತ್ತಾರೆ ಎಂದು ಕೇಳಿದರು. ಹೇಳುತ್ತಾ ಹೇಳುತ್ತಾ ಇಬ್ಬರ ಚಹಾವೂ ಆರಿತು. ಅವರು ಕೆಲಸ ಕೊಡಲಿಲ್ಲ. ಹದಿನಾಲ್ಕು ತಿಂಗಳ ಮೇಲೆ ಬೇರೆ ಸ್ಟುಡಿಯೋದವರೊಬ್ಬರು ಫೋನ್ ಮಾಡಿ, ‘ಮುಂದಲೆ ಬರೆಯುವ ಹುಡುಗ ನೀವೇ ಏನು?’ ಎಂದರು.

ಮಾತು ಶುರು ಮಾಡುವುದು ನಿಮಗೆ ಬರುತ್ತದೆ, ಚಿತ್ರಸಂತೆಯಲ್ಲಿ ಮಾಡಿದ್ದೀರಲ್ಲ. ಅಲ್ಲಿ ನಿಮ್ಮ ಚಿತ್ರದ ಮುಂದೆ ನಿಂತು ‘ಈ ಹಸಿರು ಹೇಗೆ ತಂದಿರಿ?’ ಎಂದು ಕೇಳಿದವರು ಇಷ್ಟವಾದರೋ, ಬಂದವರೇ ‘ಎಷ್ಟಕ್ಕೆ ಕೊಡುತ್ತೀರಿ?’ ಎಂದವರೋ? ನಾಳೆ ನೀವು ಮೊದಲನೆಯವರಾಗಿ. ಮಳಿಗೆಯಲ್ಲಿ ತೂಗುಹಾಕಿದ ಒಂದು ಚಿತ್ರವನ್ನು ನಿಜವಾಗಿ ನೋಡಿ. ಇದಕ್ಕೆ ಎಷ್ಟು ದಿನ ಹಿಡಿಯಿತು, ಮೊದಲು ಬರೆದದ್ದು ಹೀಗೇ ಇತ್ತೇ ಎಂದು ಕೇಳಿ. ತನ್ನ ಕೈಕೆಲಸದ ಬಗ್ಗೆ ಕೇಳಿದರೆ ಮಾತನಾಡದ ಕಲಾವಿದ ಇನ್ನೂ ಹುಟ್ಟಿಲ್ಲ. ಈಗ ಯಾವ ಗೇಮ್ ಮಾಡುತ್ತಿದ್ದೀರಿ ಎಂದು ಮಾತ್ರ ಕೇಳಬೇಡಿ. ಗುಟ್ಟು ಬಿಡುವುದಿಲ್ಲವೆಂದು ಎಲ್ಲರೂ ಸಹಿ ಹಾಕಿರುತ್ತಾರೆ, ಪಾಪ ಮುಖ ಬಿಗಿಯುತ್ತದೆ.

ಭಾಷಣ ಮುಗಿದ ಕೂಡಲೇ ವೇದಿಕೆಗೆ ನುಗ್ಗುವ ಗುಂಪಿನಲ್ಲಿ ಸೇರಬೇಡಿ. ಪಕ್ಕದ ಕುರ್ಚಿಯವರನ್ನು ಮಾತನಾಡಿಸಿ. ಕನ್ನಡದಲ್ಲೇ ಶುರು ಮಾಡಿ. ಅಲ್ಲಿ ಇಂಗ್ಲಿಷ್ ಮುಖ ಹೊತ್ತು ತಿರುಗುವವರಲ್ಲಿ ಎಷ್ಟು ಜನ ಹಾಸನ, ಮಂಡ್ಯ, ಗದಗದವರೆಂದು ನಿಮಗೆ ಗೊತ್ತಿಲ್ಲ.

ಗಡುವು
ಎರಡನೇ ದಿನ, ಬೆಳಿಗ್ಗೆ 7.15

ನಾನು ಚಿತ್ರ ಬರೆಯುವವಳಲ್ಲ, ಬರೆಯುವವರ ಬೆನ್ನು ಹತ್ತುವವಳು. ಅನಿಮೇಷನ್ ಸ್ಟುಡಿಯೋ ಒಂದರಲ್ಲಿ ಯಾವ ದೃಶ್ಯ ಯಾವತ್ತಿಗೆ ಮುಗಿಯಬೇಕೆಂದು ನೋಡಿಕೊಳ್ಳುವುದು ನನ್ನ ಕೆಲಸ. ಮೇಳದ ಮಾರನೆಯ ದಿನ ಬರುವ ಮೇಲ್‌ಗಳನ್ನು ತೆರೆಯುವವಳೂ ನಾನೇ, ಅದಕ್ಕೇ ಈ ನಾಲ್ಕು ಮಾತು.

ಯಾರಾದರೂ ಕಾರ್ಡು ಕೊಟ್ಟರೆ ಅದರ ಬೆನ್ನಿಗೆ ಅಲ್ಲೇ ಪೆನ್ಸಿಲಿನಲ್ಲಿ ಬರೆದುಕೊಳ್ಳಿ: ಏನು ಮಾತನಾಡಿದಿರಿ, ಅವರು ಏನು ಕಳಿಸಲು ಹೇಳಿದರು. ರಾತ್ರಿ ನೋಡಿದರೆ ಇಪ್ಪತ್ತು ಕಾರ್ಡಿನಲ್ಲಿ ಯಾವುದು ಯಾರದೆಂದು ಒಂದೂ ನೆನಪಿರುವುದಿಲ್ಲ. ಅವತ್ತೇ ರಾತ್ರಿ ಮೂರು ಸಾಲಿನ ಮೇಲ್ ಬರೆಯಿರಿ. ಎಲ್ಲಿ ಭೇಟಿಯಾದದ್ದು, ಯಾವ ವಿಷಯ ಬಂತು, ಚಿತ್ರಗಳು ಎಲ್ಲಿ ನೋಡಲು ಸಿಗುತ್ತವೆ. ಮುಗಿಯಿತು. 60 ಎಂಬಿ ಫೈಲನ್ನು ಮೇಲ್‌ಗೆ ಅಂಟಿಸಬೇಡಿ, ಕೊಂಡಿ ಕೊಡಿ. ಫೈಲಿಗೆ ‘ಪೋರ್ಟ್‌ಫೋಲಿಯೋ ಫೈನಲ್ 2’ ಎಂದು ಹೆಸರಿಡಬೇಡಿ. ಅದೇ ಹೆಸರಿನ ಹನ್ನೊಂದು ಫೈಲುಗಳು ನನ್ನ ಕಂಪ್ಯೂಟರಿನಲ್ಲಿ ಇವೆ, ಯಾರ ಹೆಸರೂ ಇಲ್ಲ. ನಲವತ್ತು ಚಿತ್ರ ಬೇಡ, ಹತ್ತು ಸಾಕು. ನೋಡುವವರು ನಿಮ್ಮನ್ನು ಅಳೆಯುವುದು ಅದರಲ್ಲಿನ ಅತಿ ಸಾಧಾರಣ ಚಿತ್ರದಿಂದ.

ಕೋರ್ಸಿಗೆ ದುಡ್ಡು ಸುರಿಯುವ ಮೊದಲು ಮಹದೇವಪುರದಲ್ಲಿರುವ ಎವಿಜಿಸಿ (ಅನಿಮೇಷನ್, ವಿಶುವಲ್ ಎಫೆಕ್ಟ್ಸ್, ಗೇಮಿಂಗ್, ಕಾಮಿಕ್ಸ್) ಉತ್ಕೃಷ್ಟತಾ ಕೇಂದ್ರದಲ್ಲಿ ವಿಚಾರಿಸಿ. ಈ ಕ್ಷೇತ್ರಕ್ಕೆಂದೇ 2012ರಲ್ಲಿ ನೀತಿ ತಂದ ಮೊದಲ ರಾಜ್ಯ ನಮ್ಮದು. ಈ ಉತ್ಕೃಷ್ಟತಾ ಕೇಂದ್ರ ಬಂದದ್ದು ಆಮೇಲೆ. ಕೆಲಸ ಕೊಡಲು ಹಣ ಕೇಳುವವರು, ಪರೀಕ್ಷೆಯ ಹೆಸರಿನಲ್ಲಿ ಎರಡು ವಾರ ಬಿಟ್ಟಿ ದುಡಿಸಿಕೊಳ್ಳುವವರು ಸಿಕ್ಕರೆ ಎದ್ದು ಬನ್ನಿ. ಸಂಜೆಯ ಪಾರ್ಟಿಯಲ್ಲಿ ಮಾತನಾಡೋಣ ಎಂದವರಿಗೆ ‘ನಾಳೆ ಬೆಳಿಗ್ಗೆ ಮಳಿಗೆಗೆ ಬರುತ್ತೇನೆ ಸರ್’ ಎಂದು ಹೇಳಿ. ನಿಜವಾಗಿ ಚಿತ್ರ ನೋಡಬೇಕಾದವರಿಗೆ ಬೆಳಿಗ್ಗೆಯೂ ಕಣ್ಣು ಕಾಣಿಸುತ್ತದೆ.

ಲಿಯೋನ್ ಕನ್ನಡಿಗ
ಎರಡನೇ ದಿನ, ಮಧ್ಯಾಹ್ನ 1.30

ದೂರದಿಂದ ಒಂದು ಮಾತು ಸೇರಿಸುತ್ತೇನೆ. ಫ್ರಾನ್ಸಿನಲ್ಲಿ ನಾನಿರುವ ಊರಿನಿಂದ ಆನ್ಸಿ ಎಂಬ ಊರಿಗೆ ರೈಲಿನಲ್ಲಿ ಸುಮಾರು ಎರಡು ಗಂಟೆ. 1960ರಿಂದ ಅನಿಮೇಷನ್ ಉತ್ಸವ ನಡೆಯುತ್ತಿರುವ ಊರು ಅದು. ಜೂನ್ ತಿಂಗಳಲ್ಲಿ ಜಗತ್ತಿನ ಸ್ಟುಡಿಯೋಗಳೆಲ್ಲ ಅಲ್ಲಿರುತ್ತವೆ. ಮೊದಲ ಸಲ ಹೋದಾಗ ನನಗೂ ಕೈಕಾಲು ನಡುಗಿತ್ತು. ಚಿತ್ರ ಶುರುವಾಗುವ ಮೊದಲು ನೋಡಿದರೆ, ಇಡೀ ಸಭಾಂಗಣ ಕಾಗದದ ವಿಮಾನ ಮಾಡಿ ತೆರೆಯ ಕಡೆ ಹಾರಿಸುತ್ತಿದೆ! ಯಾರದಾದರೂ ವೇದಿಕೆ ಮುಟ್ಟಿದರೆ ಚಪ್ಪಾಳೆ. ತೆರೆಯ ಮೇಲೆ ಮೊಲ ಕಂಡರೆ ಎಲ್ಲರೂ ಸೇರಿ ‘ಲಾಪಾಂ’ ಎಂದು ಕೂಗುತ್ತಾರೆ, ಎಂದರೆ ಮೊಲ. ಪಕ್ಕದಲ್ಲಿದ್ದ ನರೆಗೂದಲಿನ ಹೆಂಗಸು ನನ್ನ ವಿಮಾನದ ಮೂಗು ಭಾರವಾಯಿತೆಂದು ತಿದ್ದಿಕೊಟ್ಟರು. ಅವರು ದೊಡ್ಡ ನಿರ್ದೇಶಕಿ ಎಂದು ಗೊತ್ತಾದದ್ದು ಮಾರನೆಯ ದಿನ ಅವರ ಭಾಷಣಕ್ಕೆ ಹೋದಾಗ. ಮೊದಲೇ ಗೊತ್ತಿದ್ದರೆ ಖಂಡಿತ ಬಾಯಿ ಬಿಡುತ್ತಿರಲಿಲ್ಲ.

ಇದ್ದಿಲುಕಡ್ಡಿ
ಮೂರನೇ ದಿನ, ರಾತ್ರಿ 9.20

ಬಸ್ಸು ಹನ್ನೊಂದು ಗಂಟೆಗೆ. ಅಷ್ಟರಲ್ಲಿ ಬರೆದುಬಿಡುತ್ತೇನೆ.

ನಿನ್ನೆ ಹಿನ್ನೆಲೆಗಾರ ಅಣ್ಣ ಹೇಳಿದಂತೆ ಫೋಲ್ಡರ್ ಬಿಟ್ಟು ಪುಸ್ತಕಗಳನ್ನು ಮಾತ್ರ ಚೀಲದಲ್ಲಿ ಹಾಕಿಕೊಂಡು ಹೋದೆ. ಅದೇ ಮಳಿಗೆಗೇ ಹೋದೆ, ಬೇರೆ ಕಡೆ ಹೋಗಲು ಧೈರ್ಯ ಬರಲಿಲ್ಲ. ‘ಆಯಿಲ್ ಮೇಡಂ ಬಂದರು’ ಎಂದು ಅವರೇ ಕರೆದರು. ಗೋಡೆಯ ಮೇಲೆ ಮೆಟ್ಟಿಲುಬಾವಿಯ ಚಿತ್ರವೊಂದಿತ್ತು. ತಳದಲ್ಲಿ ನೀರು ಕಾಣುವುದಿಲ್ಲ, ಆದರೂ ನೀರಿದೆ ಎನ್ನಿಸುತ್ತಿತ್ತು. ಅದು ಹೇಗೆ ಎಂದು ಇಂಗ್ಲಿಷಿನಲ್ಲಿ ಕೇಳಲು ಹೋಗಿ ನಡುವೆ ಸಿಕ್ಕಿಹಾಕಿಕೊಂಡೆ. ಅವರು ಒಳಗಿನಿಂದ ಒಬ್ಬ ಅಕ್ಕನನ್ನು ಕರೆದರು, ಆ ಚಿತ್ರ ಅವರದೇ. ‘ದಾವಣಗೆರೆಯವರೇ? ನಮ್ಮಜ್ಜಿಯ ಊರು ಹರಿಹರ’ ಎಂದರು. ಆಮೇಲೆ ಇಂಗ್ಲಿಷಿನ ಕೆಲಸವೇ ಬೀಳಲಿಲ್ಲ. ಮೆಟ್ಟಿಲ ಕೆಳಭಾಗದಲ್ಲಿ ಅಲುಗಾಡುವ ಬೆಳಕಿನ ಪಟ್ಟೆ ಹಾಕಿದ್ದಾರಂತೆ, ನೀರಿನಿಂದ ಚಿಮ್ಮಿದ ಬೆಳಕು. ನೀರು ಬರೆದೇ ಇಲ್ಲ!

ಪುಸ್ತಕವನ್ನು ಅವರೇ ಕೇಳಿ ತೆಗೆದುಕೊಂಡರು. ಬೇಗ ಬೇಗ ತಿರುವಿ, ಒಂದು ಹಾಳೆಯಲ್ಲಿ ನಿಂತರು. ಬೆಳಗಿನ ಜಾವ ಬರೆದದ್ದು ಅದು. ಒಲೆಯ ಬಾಯಿಗೆ ಒಬ್ಬಾಕೆ ಹೊಟ್ಟು ಸುರಿಯುತ್ತಿದ್ದಾಳೆ, ಬಾಣಲೆಯ ಮುಂದೆ ನಿಂತವನು ಕಾದ ಮರಳಿನಿಂದ ಮಂಡಕ್ಕಿಯನ್ನು ಜರಡಿಗೆ ಎತ್ತುತ್ತಿದ್ದಾನೆ, ಮೇಲೆ ತಗಡಿನ ಸಂದಿಯಿಂದ ಒಂದು ಗೆರೆ ಬೆಳಕು. ಹಾಳೆಯ ಅಂಚಿನಲ್ಲಿ ನನ್ನದೇ ಹೆಬ್ಬೆರಳಿನ ಮಸಿ ಗುರುತು. ‘ಕೆಳಗೆ ಕೆಂಪು ಬೆಳಕು, ಮೇಲೆ ನೀಲಿ. ಇದನ್ನು ನೀವು ಕಂಡಿರಾ, ಕಲ್ಪಿಸಿದಿರಾ?’ ಎಂದರು. ಕಂಡದ್ದು ಎಂದೆ.

ಆಮೇಲೆ ಹತ್ತು ನಿಮಿಷ ಬೈಗುಳ. ಮಾಡಿನ ಗೆರೆಗಳು ಒಂದು ಕಡೆ ಸೇರುವುದಿಲ್ಲ. ಎಲ್ಲ ಮನುಷ್ಯರೂ ಒಂದೇ ಎತ್ತರ. ಜರಡಿಯನ್ನು ಒಂದೇ ಕೋನದಿಂದ ಬರೆದರೆ ಕಟ್ಟುವವರು ಏನು ಕಟ್ಟಬೇಕು, ಅದರ ಹಿಡಿಕೆ ಹಿಂದಿನಿಂದ ಹೇಗಿದೆ? ನನಗೆ ಗೊತ್ತಿರಲಿಲ್ಲ. ನೂರು ಸಲ ನೋಡಿದ ಜರಡಿ ಅದು. ಇದೇ ಭಟ್ಟಿಯನ್ನು ಬ್ಲೆಂಡರಿನಲ್ಲಿ ಬರೀ ಡಬ್ಬಿಗಳಿಂದ ಕಟ್ಟಿ, ಅದರ ಮೇಲೆ ಬಣ್ಣ ಬರೆದು, ಒಂದು ತಿಂಗಳಲ್ಲಿ ಕಳಿಸಿ ಎಂದರು. ಕೆಲಸದ ಮಾತು ಅವರೂ ಎತ್ತಲಿಲ್ಲ, ನಾನೂ ಕೇಳಲಿಲ್ಲ. ಕಾರ್ಡಿನ ಬೆನ್ನಿಗೆ ‘ಜರಡಿ, ಮೂರು ಕೋನ’ ಎಂದು ಬರೆದುಕೊಂಡೆ. ರಾತ್ರಿಯೇ ಮೂರು ಸಾಲು ಮೇಲ್ ಹೋಗಿದೆ, ಗಡುವು ಅಕ್ಕ.

ಇವತ್ತು ಇನ್ನೊಂದು ಆಯಿತು. ಭಾಷಣದಲ್ಲಿ ಪಕ್ಕ ಕುಳಿತವನು ಹಾಸನದ ಬಿಸಿಎ ಹುಡುಗ. ಒಬ್ಬನೇ ಗೇಮ್ ಮಾಡುತ್ತಿದ್ದಾನೆ. ಮೊಬೈಲಿನಲ್ಲಿ ತೋರಿಸಿದ: ಒಂದು ಚೌಕ, ಇನ್ನಷ್ಟು ಚೌಕಗಳ ನಡುವೆ ಓಡುತ್ತದೆ, ಹಾರುತ್ತದೆ, ಬೀಳುತ್ತದೆ. ಚಿತ್ರ ಬರೆಯುವವರೇ ಸಿಕ್ಕಿಲ್ಲವಂತೆ. ಹೊರಗೆ ಮೆಟ್ಟಿಲ ಮೇಲೆ ಕುಳಿತು ಕಾರ್ಯಕ್ರಮ ಪಟ್ಟಿಯ ಹಿಂಬದಿಯಲ್ಲಿ ಭಟ್ಟಿ ಸಾಲನ್ನು ಮೂರು ಪದರವಾಗಿ ಬರೆದೆ. ಮುಂದೆ ಮೂಟೆಗಳು, ನಡುವೆ ಒಲೆಗಳು, ಹಿಂದೆ ಹೊಗೆ ಕೊಳವೆಗಳು. ಮುಂದಿನ ಪದರ ಬೇಗ, ಹಿಂದಿನದು ನಿಧಾನ ಸರಿದರೆ ಚಪ್ಪಟೆ ಚಿತ್ರಕ್ಕೂ ಆಳ ಬರುತ್ತದೆ ಎಂದು ಅವನು ಹೇಳಿದ. ಹಾಳೆಯನ್ನು ಮೂರು ತುಂಡು ಹರಿದು ಒಂದರ ಮೇಲೊಂದು ಸರಿಸಿ ನೋಡಿದೆವು. ಭದ್ರತಾ ಸಿಬ್ಬಂದಿಯೂ ಬಂದು ನೋಡಿದರು.

ಕಾರ್ಡು 86 ಉಳಿದಿವೆ. ಕೀಲುಕುದುರೆ ಅವರೇ, ಒಬ್ಬರು ನನ್ನ ಕಾರ್ಡಿನ ಮೇಲೆ ಚಹಾದ ಲೋಟ ಇಟ್ಟದ್ದನ್ನು ನೋಡಿದೆ. ನೀವು ಹೇಳಿದ್ದು ಪೂರ್ತಿ ಸುಳ್ಳಲ್ಲ.

ಅಣ್ಣ, ಒಂದು ಪ್ರಶ್ನೆ ಉಳಿದಿದೆ. ನನ್ನ ಲ್ಯಾಪ್‌ಟಾಪ್ ಹಳೆಯದು, ಮೆಮೊರಿ (RAM) 4 ಜಿಬಿ ಮಾತ್ರ. ಬ್ಲೆಂಡರ್ ನಡೆಯುತ್ತದೆಯೇ?

ಕೀಲುಕುದುರೆ
ರಾತ್ರಿ 9.45

ಲೋಟದ ಗುರುತು ಬಿದ್ದಿದ್ದರೆ ಅದೂ ಒಂದು ಚಿತ್ರವೇ. ಆ ಹಾಸನದ ಹುಡುಗನ ಜೊತೆ ಕೆಲಸ ಶುರು ಮಾಡುವ ಮೊದಲು ಯಾರ ಪಾಲು ಎಷ್ಟೆಂದು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ನಾನು ಹಾಕದೆ ಕೆಟ್ಟವನು.

ಹಿನ್ನೆಲೆಗಾರ
ರಾತ್ರಿ 10.10

ಹೊಸ ಬ್ಲೆಂಡರ್ 8 ಜಿಬಿ ಕೇಳುತ್ತದೆ, ನಿಮ್ಮದರಲ್ಲಿ ಉಸಿರು ಕಟ್ಟುತ್ತದೆ. ಹಳೆಯ 2.79 ಆವೃತ್ತಿ ಅವರ ಜಾಲತಾಣದಲ್ಲಿ ಈಗಲೂ ಸಿಗುತ್ತದೆ, ಅದನ್ನು ಹಾಕಿಕೊಳ್ಳಿ. ಗುಂಡಿಗಳೆಲ್ಲ ಬೇರೆ ಕಡೆ ಇರುತ್ತವೆ, ಆದ್ದರಿಂದ ಪಾಠದ ವಿಡಿಯೊ ಹುಡುಕುವಾಗ 2.79 ಎಂದು ಸೇರಿಸಿಯೇ ಹುಡುಕಿ. ಡಬ್ಬಿ ಜೋಡಿಸಲು ಅಷ್ಟು ಸಾಕು. ನಾಳೆ ಊರು ಮುಟ್ಟಿದ ಮೇಲೆ ನಿದ್ದೆ ಮುಗಿಸಿ ಭಟ್ಟಿಗೆ ಹೋಗಿ, ಟೇಪು ಹಿಡಿದು ಒಲೆಯ ಬಾಯಿ ಎಷ್ಟಡಿ ಅಗಲ, ಮಾಡು ಎಷ್ಟು ಎತ್ತರ ಎಂದು ಅಳೆದುಕೊಳ್ಳಿ. ಜರಡಿಯ ಹಿಡಿಕೆಯನ್ನೂ.